ಕಿಟಕಿಯಿಂದ ಗಡಿಪಾರು

ಕೊಲ್ಲಿ ದೇಶದ ರೂವಿಯ ನಮ್ಮ ಕಚೇರಿಯಲ್ಲಿ ಗುರುವಾರ ಒಬ್ಬರ ಗಡಿಪಾರಾಯಿತು. ಇಟಲಿಯ ಎಂಜಿನಿಯರ್ ಪಾವ್ಲೊನನ್ನು ಕಿಟಕಿಯ ಬಳಿಯಿಂದ ಎಬ್ಬಿಸಿ ಪ್ರಿಂಟರ್ ಪಕ್ಕ ಕೂರಿಸಿದರು. ಕಿಟಕಿ, ಬಡ್ತಿ ಪಡೆದ ಮಂಗಳೂರಿನ ಕಾಮತರಿಗೆ ಸಿಕ್ಕಿತು. ಮೇಜು ಸಾಗಿಸಿದವನು ನಾನು.

“ನಾವು ವಾಲ್ಡೆನ್ಸಿಯನ್ನರು,” ಎಂದ ಪಾವ್ಲೊ. “ಪೋಪರನ್ನು ಒಪ್ಪಲಿಲ್ಲವೆಂದು ನಮ್ಮ ಹಿರಿಯರನ್ನು ಕಣಿವೆಯಿಂದ ಓಡಿಸಿದರು. ಅವರು ಕೋವಿ ಹಿಡಿದು, ಆಲ್ಪ್ಸ್ ದಾಟಿ ಮನೆಗೆ ಮರಳಿದರು.”

ಕಾಮತರು ತಲೆದೂಗಿದರು. “ನಮ್ಮವರನ್ನೂ ಪೋರ್ಚುಗೀಸರು ಗೋವಾದಿಂದ ಓಡಿಸಿದ್ದೇ ಮಾರಾಯ. ದೇವರನ್ನು ಹೊತ್ತುಕೊಂಡು ಮಂಗಳೂರಿಗೆ ಬಂದರು.”

“ವಾಪಸ್ ಹೋಗಲಿಲ್ಲವೇ?”

“ಗೋವಾದಲ್ಲೇ ಉಳಿದ ಕುಲದೇವರಿಗೆ ಕಾಯಿ ಒಡೆಸಲು ಹೋಗುತ್ತೇವೆ, ಸಂಜೆಯ ರೈಲಿಗೆ ಬರುತ್ತೇವೆ. ಮೊದಲ ನೂರು ವರ್ಷ ಕಷ್ಟ. ಆಮೇಲೆ ಅಭ್ಯಾಸವಾಗುತ್ತದೆ.”

ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ನಾನು ಬರುವಷ್ಟರಲ್ಲಿ ಪಾವ್ಲೊ ಮೇಜುಸಮೇತ ಕಿಟಕಿಗೆ ಮರಳಿದ್ದ. ಕಾಮತರ ಮೇಜು ಪ್ರಿಂಟರ್ ಪಕ್ಕದಲ್ಲಿತ್ತು. ಅವರು ಅಲ್ಲೇ ಕೂತು ಕೆಲಸ ಶುರುಮಾಡಿದರು.