ಮೋರಿಗೆ ಹೋಗದ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಿಲ ನಲ್ಲಿಯ ಕೆಳಗೆ ಒಂದು ಗಾಜಿನ ಬೋಗುಣಿ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸು ಪುಟ್ಟ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ನೀರಿಗಿಳಿಸುತ್ತಿದ್ದಾರೆ. ಸೋಪಿಲ್ಲ, ಉಜ್ಜುವುದಿಲ್ಲ, ಸುಮ್ಮನೆ ಅದ್ದಿ ಮೆಲ್ಲಗೆ ಹಿಂಡುತ್ತಾರೆ. ಆಮೇಲೆ ಬೋಗುಣಿ ಎತ್ತಿಕೊಂಡು, ಕಾಲ ಬುಡದಲ್ಲೇ ಇರುವ ಮೋರಿಯನ್ನು ದಾಟಿ, ಹಿಂದಿನ ಗೋಡೆಯ ಹತ್ತಿರದ ನಿಂಬೆ ಗಿಡದ ತನಕ ನಡೆದು, ನೀರನ್ನು ಬುಡಕ್ಕೆ ಸುರಿಯುತ್ತಾರೆ. ಮಂಡಿನೋವಿನ ಕಾಲಿಗೆ ಇದು ಸಣ್ಣ ನಡಿಗೆಯಲ್ಲ.

"ಮೋರಿ ಇಲ್ಲೇ ಇದೆಯಲ್ಲ ಅಕ್ಕ?" ಎಂದು ಕೇಳುತ್ತೇನೆ.

"ಈ ನೀರಿಗೆ ಮೋರಿ ಇಲ್ಲ" ಎನ್ನುತ್ತಾರೆ, ತಿರುಗಿಯೂ ನೋಡದೆ.

ಆ ಬಟ್ಟೆಗಳು ಬೀದಿಯ ಕೊನೆಯಲ್ಲಿರುವ ಕಥೋಲಿಕ ಚರ್ಚಿನವು. ಬಲಿಪೂಜೆಯಲ್ಲಿ ಗುರುಗಳು ದ್ರಾಕ್ಷಾರಸದ ಪಾತ್ರೆಯನ್ನು ಇವುಗಳಿಂದಲೇ ಒರೆಸುತ್ತಾರೆ. ಪೂಜೆಯಲ್ಲಿ ಆ ರೊಟ್ಟಿ ಮತ್ತು ರಸ ಕ್ರಿಸ್ತನ ಶರೀರವೂ ರಕ್ತವೂ ಆಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ಆದ್ದರಿಂದ ಒರೆಸಿದ ಬಟ್ಟೆಯ ಮೊದಲ ನೀರು ಚರಂಡಿಗೆ ಹೋಗಕೂಡದು, ಮಣ್ಣಿಗೇ ಸೇರಬೇಕು. ಎರಡನೇ ನೀರಿನಿಂದ ಸೋಪು, ಬ್ರಷ್ಷು, ಕಲೆ ಮಾಡಿದವರಿಗೆ ಬೈಗುಳ, ಎಲ್ಲವೂ ಶುರು.

ಬೀದಿಯವರಿಗೆ ಇವರು ಗಂಜಿ ಅಕ್ಕ. ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು, ಈಗ ಅವನೂ ಮರೆತಿದ್ದಾನೆ. ಅರವತ್ತು ದಾಟಿದ ಅಕ್ಕ ಈ ಕೆಲಸಕ್ಕೆ ಕೈಹಾಕಿದ್ದು ಅಮ್ಮನ ಜೊತೆ, ಲಂಗ ತೊಡುವ ವಯಸ್ಸಿನಲ್ಲಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಇಸ್ತ್ರಿಪೆಟ್ಟಿಗೆ ಆರಿಹೋಗುತ್ತೆ ಅಂತ" ಎಂದು ನಗುತ್ತಾರೆ. ನಿಜವಾದ ಕಾರಣ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದೆ. ಅದರ ಹೆಸರು ಪುಟ್ಟಿ. ಅಕ್ಕನಿಗಿಂತ ಹದಿನಾರು ವರ್ಷ ಚಿಕ್ಕ ತಂಗಿ. ಅಮ್ಮ ತೀರಿಕೊಂಡಾಗ ಪುಟ್ಟಿ ಇನ್ನೂ ಸ್ಲೇಟು ಹಿಡಿಯುತ್ತಿದ್ದಳು. ಜಡೆ ಹಾಕಿ, ಓದಿಸಿ, ಮದುವೆ ಮಾಡಿಕೊಟ್ಟದ್ದು ಅಕ್ಕ. ಗಂಡ ತೀರಿಕೊಂಡ ಮೇಲೆ ಬಾಗಿಲು ತೆರೆದು ಒಳಗೆ ಕರೆದುಕೊಂಡದ್ದೂ ಅಕ್ಕನೇ.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಉದ್ದದ ಮೇಜು, ಅದರ ಮೇಲೆ ಹಳೇ ಕಂಬಳಿ, ಎರಡು ಇಸ್ತ್ರಿಪೆಟ್ಟಿಗೆ. ಗುರುಗಳ ನಿಲುವಂಗಿ, ಪೀಠದ ಹಾಸು, ಪಾತ್ರೆಯ ಬಟ್ಟೆ ಎಲ್ಲ ಸೇರಿ ವಾರಕ್ಕೆ ನೂರರ ಹತ್ತಿರ ಬರುತ್ತವೆ. ಮೇಣದ ಕಲೆಗೆ ಮೊದಲು ಮಂಜುಗಡ್ಡೆ, ಆಮೇಲೆ ಕಾಗದದ ಮೇಲಿಂದ ಬಿಸಿ ಇಸ್ತ್ರಿ. ಗಂಜಿ ಹೆಚ್ಚಾದರೆ ಬಟ್ಟೆ ತಗಡು, ಕಡಿಮೆಯಾದರೆ ಚಿಂದಿ. ಪೀಠದ ಮೇಲೆ ಹಾಸುವ ಚೌಕವನ್ನು ಮೂರಾಗಿ ಮಡಿಸಿ, ಅಡ್ಡ ತಿರುಗಿಸಿ ಮತ್ತೆ ಮೂರಾಗಿ ಮಡಿಸುತ್ತಾರೆ, ಬಿದ್ದ ರೊಟ್ಟಿಯ ಚೂರು ಒಳಗೇ ಉಳಿಯಲಿ ಎಂದು. ಹಬೆ ಬಡಿದು ಅಕ್ಕನ ಬಲಗೈ ಮಣಿಕಟ್ಟಿನ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿದೆ. ಅದರ ಬಗ್ಗೆ ಕೇಳಿದರೆ ರವಿಕೆಯ ಉದ್ದ ತೋಳು ಕೆಳಗೆ ಎಳೆದುಕೊಳ್ಳುತ್ತಾರೆ.

ಮೇಜಿನ ಇನ್ನೊಂದು ತುದಿಯಲ್ಲಿ ಬೇರೊಂದು ಗುಡ್ಡೆಯಿದೆ. ಅವೂ ಬಿಳಿ, ಅವೂ ಕಾಲಿನ ಮಟ್ಟದ ನಿಲುವಂಗಿಗಳೇ. ಆದರೆ ಅವು ಚರ್ಚಿನವಲ್ಲ, ಹಿಂದಿನ ರಸ್ತೆಯ ಇನ್ನೊಂದು ಕ್ರೈಸ್ತ ಪಂಗಡದ ಸಭೆಯವು. ಮೊದಲು ಪೀಠೋಪಕರಣದ ಅಂಗಡಿಯಾಗಿದ್ದ ಹಾಲಿನಲ್ಲಿ ಸೇರುವ ಈ ಸಭೆಯವರ ಪ್ರಕಾರ, ಮನುಷ್ಯ ತಾನೇ ತಿಳಿದು, ಪಶ್ಚಾತ್ತಾಪಪಟ್ಟು, ಹೊಸದಾಗಿ ಹುಟ್ಟಬೇಕು. ಆಮೇಲೆ ಎಲ್ಲರ ಮುಂದೆ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಕೂಸಾಗಿದ್ದಾಗ ಯಾರೋ ತಲೆಗೆ ನೀರು ಹಾಕಿಸಿ ಜ್ಞಾನಸ್ನಾನ ಮಾಡಿಸಿದ್ದು ಲೆಕ್ಕಕ್ಕಿಲ್ಲ. ಮುಳುಗುವಾಗ ಅಂಗಿ ನೀರಿನ ಮೇಲೆ ತೇಲಿ ಮಾನ ಹೋಗಬಾರದೆಂದು ಅದರ ಅಂಚಿನೊಳಗೆ ಸೀಸದ ಗುಂಡುಗಳನ್ನಿಟ್ಟು ಹೊಲಿದಿರುತ್ತಾರೆ. ಮೀನಿನ ಬಲೆಗೆ ಕಟ್ಟುತ್ತಾರಲ್ಲ, ಅಂಥವು.

ಒಮ್ಮೆ ಆಗಬಾರದ್ದು ಆಗಿಹೋಯಿತು. ಸಭೆಯ ಅಂಗಿ ಚರ್ಚಿಗೆ, ಚರ್ಚಿನ ಅಂಗಿ ಸಭೆಗೆ. ಭಾನುವಾರದ ಪೂಜೆಯಲ್ಲಿ ಗುರುಗಳು ಮಂಡಿಯೂರಿದಾಗಲೆಲ್ಲ ನೆಲದಲ್ಲಿ ಟೊಕ್ ಟೊಕ್ ಸದ್ದು. ಅತ್ತ ಸಭೆಯ ತೊಟ್ಟಿಯಲ್ಲಿ ಇಳಿದ ದಪ್ಪ ಬಡಗಿಯೊಬ್ಬರ ಗಂಜಿ ಹಾಕಿದ ಅಂಗಿ ಕೊಡೆಯ ಹಾಗೆ ಬಿಚ್ಚಿಕೊಂಡು, ಪಾಸ್ಟರು ಎಷ್ಟು ಅದುಮಿದರೂ ಆಸಾಮಿ ಮುಳುಗುತ್ತಿಲ್ಲ. ಮಾರನೆಯ ದಿನ ಫಾದರ್ ಅಂಗಿ ಹಿಡಿದು ಬಂದು, "ಏನಮ್ಮ, ನನ್ನನ್ನೂ ಮುಳುಗಿಸೋಕೆ ನೋಡ್ತಿದ್ದೀಯಾ?" ಎಂದರಂತೆ. ಅದೇ ಹೊತ್ತಿಗೆ ಪಾಸ್ಟರೂ ಬಂದರು. ಇಬ್ಬರೂ ಇದೇ ಕೋಣೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಲ್ಲಿಂದೀಚೆಗೆ ಚರ್ಚಿನದಕ್ಕೆ ಕೆಂಪು ದಾರ, ಸಭೆಯದಕ್ಕೆ ನೀಲಿ ದಾರದ ಗುರುತು.

ಆದರೆ ಪುಟ್ಟಿಯ ವಿಷಯ ಬಂದಾಗ ಅಕ್ಕ ನಗುವುದಿಲ್ಲ. ಸಭೆಯ ಅಂಗಿಗಳನ್ನು ಒಗೆಯಲು ತಂದುಕೊಡುತ್ತಿದ್ದ ಒಬ್ಬ ಹೆಂಗಸು, ಗಂಡನನ್ನು ಕಳೆದುಕೊಂಡು ಮೂಲೆ ಹಿಡಿದಿದ್ದ ಪುಟ್ಟಿಯ ಪಕ್ಕ ದಿನವೂ ಸ್ವಲ್ಪ ಹೊತ್ತು ಕೂರತೊಡಗಿದರು. ಒಂದು ದಿನ ಕೈ ಹಿಡಿದು ಪ್ರಾರ್ಥನೆ ಮಾಡಿದರು.

"ಪುಸ್ತಕ ನೋಡಿ ಅಲ್ಲ, ನನ್ನ ಹೆಸರು ಹಿಡಿದು ಮಾಡಿದ್ರು" ಎನ್ನುತ್ತಾರೆ ಪುಟ್ಟಿ. "ಅಷ್ಟು ವರ್ಷ ಪೂಜೆಗೆ ಹೋಗಿದ್ದೆ. ದೇವರಿಗೆ ನನ್ನ ಹೆಸರು ಗೊತ್ತು ಅಂತ ಅವತ್ತೇ ಅನಿಸಿದ್ದು. ಅವತ್ತಿಂದ ನಾನು ಬೇರೆ ಮನುಷ್ಯಳು. ಮಲಗಿದವಳು ಎದ್ದು ಕೂತೆ. ಅಕ್ಕನೇ ನೋಡಿದಾಳೆ."

ಅಕ್ಕ ಹೌದೆಂದು ತಲೆಯಾಡಿಸುತ್ತಾರೆ. "ಎದ್ದಳು, ಅದು ನಿಜ. ನಾನು ಹಾಗಲ್ಲ. ನನಗೆ ಪುಸ್ತಕದ ಪ್ರಾರ್ಥನೆ ಇಲ್ಲದಿದ್ರೆ ದೇವರ ಮುಂದೆ ಬಾಯೇ ಬರಲ್ಲ. ನಮ್ಮಮ್ಮ ಹೇಳಿದ್ದನ್ನೇ ನಾನೂ ಹೇಳ್ತೀನಿ, ಅದರಲ್ಲೇ ಒಂದು ಸಮಾಧಾನ." ಮತ್ತೆ ಸೇರಿಸುತ್ತಾರೆ, "ಆ ಅಂಗಿಗಳನ್ನ ಒಗೆಯೋಕೆ ಒಪ್ಪಿಕೊಂಡವಳು ನಾನೇ ನೋಡಿ. ಬಾಗಿಲು ತೆಗೆದಿದ್ದು ನಾನೇ."

ಹಾಗೆಂದು ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧವೆಂದುಕೊಳ್ಳಬೇಡಿ. ಸಂಜೆ ಅಕ್ಕ ಜಪಸರ ಹಿಡಿದು ಕೂತರೆ ಪುಟ್ಟಿ ಒಳಕೋಣೆಯಲ್ಲಿ ಬೈಬಲ್ ತೆರೆಯುತ್ತಾರೆ. ಮೋಡ ಕವಿದರೆ ಇಬ್ಬರೂ ದೇವರನ್ನು ಅಲ್ಲೇ ಬಿಟ್ಟು ಹಗ್ಗದ ಮೇಲಿನ ಬಟ್ಟೆಗೆ ಓಡುತ್ತಾರೆ. ಕಪಾಟಿನ ಮೇಲೆ ಮಾತೆ ಮರಿಯಮ್ಮನ ಪುಟ್ಟ ಪ್ರತಿಮೆಯಿದೆ. ಪುಟ್ಟಿ ಅದಕ್ಕೆ ಕೈ ಮುಗಿಯುವುದನ್ನು ಬಿಟ್ಟು ಎರಡು ವರ್ಷವಾಯಿತು. ಆದರೆ ಅದರ ಧೂಳು ಒರೆಸುವುದು ಇವತ್ತಿಗೂ ಪುಟ್ಟಿಯೇ, ಅದೂ ಮೂಗಿನ ಸಂದಿಯನ್ನೂ ಬಿಡದೆ. ನಿಂಬೆ ಗಿಡದ ವಿಷಯಕ್ಕೆ ಮಾತ್ರ ಛೇಡಿಸದೆ ಬಿಡುವುದಿಲ್ಲ: "ನಮ್ಮ ಅಕ್ಕನ ಕೈಲಿ ಗಿಡಕ್ಕೂ ಪೂಜೆ."

ವಾದ ನಡೆಯುವುದು ಇಸ್ತ್ರಿ ಮೇಜಿನ ಎರಡು ತುದಿಯಿಂದ. ನಾನಿದ್ದ ಗುರುವಾರವೂ ನಡೆಯಿತು.

"ಕೂಸಿಗೆ ಏನು ಗೊತ್ತು ಅಂತ ಜ್ಞಾನಸ್ನಾನ ಕೊಡ್ತೀರಿ?" ಎನ್ನುತ್ತಾರೆ ಪುಟ್ಟಿ.

"ಹಾಲು ಕುಡಿಸೋ ಮುಂಚೆ ಕೂಸಿನ ಒಪ್ಪಿಗೆ ಕೇಳ್ತೀವಾ?"

"ಹಾಲು ಬೇರೆಯವರು ಕುಡಿಸಬಹುದು ಅಕ್ಕ. ಹಸಿವು ಬೇರೆಯವರು ಪಡೋಕಾಗುತ್ತಾ?"

ಅಕ್ಕನ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಲ್ಲುತ್ತದೆ. ಆದರೆ ಪುಟ್ಟಿ ಗೆದ್ದವರ ಹಾಗೆ ಕಾಣುವುದಿಲ್ಲ. ತಗ್ಗಿದ ದನಿಯಲ್ಲಿ, "ನೀನು ಹೊಸದಾಗಿ ಹುಟ್ಟದೆ ಇದ್ರೆ ಅಲ್ಲಿ ಮೇಲೆ ನನ್ನ ಜೊತೆ ಇರಲ್ಲ ಅಂತ ನನಗೆ ಭಯ" ಎನ್ನುತ್ತಾರೆ.

"ಅಲ್ಲಿ ಎಲ್ಲರಿಗೂ ಬಿಳಿ ಬಟ್ಟೆಯಂತೆ" ಎನ್ನುತ್ತಾರೆ ಅಕ್ಕ. "ಒಗೆಯೋಕೆ ನನ್ನನ್ನ ಕರೆಯದೆ ಇನ್ಯಾರನ್ನ ಕರೀತಾರೆ?"

ಪುಟ್ಟಿಗೆ ನಗು ತಡೆಯುವುದಿಲ್ಲ. ಆದರೆ ಅವರು ಅಂಗಡಿಗೆ ಹೋದ ಮೇಲೆ ಅಕ್ಕ ಸ್ಟೂಲಿನ ಮೇಲೆ ಕೂತು ನಿಜವಾದ ವಿಷಯಕ್ಕೆ ಬರುತ್ತಾರೆ. ಬರುವ ಭಾನುವಾರ ಪುಟ್ಟಿ ಸಭೆಯ ತೊಟ್ಟಿಯಲ್ಲಿ ಮುಳುಗಲಿದ್ದಾರೆ. ನೀರಿನಿಂದ ಎದ್ದು ಬಂದವರನ್ನು ಮೆಟ್ಟಿಲ ಬಳಿ ಅವರಿಗೆ ಬೇಕಾದವರೊಬ್ಬರು ಟವೆಲ್ ಹಿಡಿದು ಬರಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಪುಟ್ಟಿ ಕೇಳಿರುವುದು ಅಕ್ಕನನ್ನೇ. ಅಕ್ಕ ಬರದಿದ್ದರೆ ತನಗಾಗಿ ಇನ್ನಾರೂ ನಿಲ್ಲುವುದು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ.

"ಅವಳ ಜ್ಞಾನಸ್ನಾನದ ದಿನ ಕೂಸಿನ ಪರವಾಗಿ ನಿಲ್ಲೋ ಜ್ಞಾನತಾಯಿ ಆಗಬೇಕಿದ್ದ ನಮ್ಮತ್ತೆ ಬರಲೇ ಇಲ್ಲ. ಹದಿನಾರು ವರ್ಷದ ನನ್ನನ್ನೇ ನಿಲ್ಲಿಸಿಬಿಟ್ರು" ಎನ್ನುತ್ತಾರೆ ಅಕ್ಕ. "ಇವಳು ನಿದ್ದೆ. ಗುರುಗಳು 'ನಂಬುತ್ತೀಯಾ?' ಅಂತ ಕೇಳಿದ್ದು ಇವಳನ್ನ, 'ನಂಬುತ್ತೇನೆ' ಅಂದಿದ್ದು ನಾನು. ತಲೆಗೆ ನೀರು ಬಿದ್ದ ಮೇಲೆ ಒರೆಸಿದ್ದೂ ನಾನೇ. ಅದು ಏನೂ ಅಲ್ಲ ಅಂದ್ರೆ, ಅವತ್ತು ನಾನು ಎತ್ತಿಕೊಂಡಿದ್ದು ಏನು ಹಾಗಾದ್ರೆ?"

ಫಾದರನ್ನು ಕೇಳಿದಿರಾ ಎನ್ನುತ್ತೇನೆ. ಕೇಳಿದ್ದಾರೆ. "ಜ್ಞಾನಸ್ನಾನ ಒಂದೇ ಸಲ, ಅದು ಅಳಿಸಿಹೋಗಲ್ಲ, ಇನ್ನೊಂದು ಸಲ ಆಗೋದೂ ಇಲ್ಲ. ನೀನು ಅವಳ ಅಕ್ಕ ಅಲ್ವಾ, ಅಕ್ಕನಾಗಿ ಯೋಚನೆ ಮಾಡು" ಎಂದರಂತೆ. ಅಂಗಿ ಕೊಡಲು ಹೋದಾಗ ಪಾಸ್ಟರನ್ನೂ ಕೇಳಿದ್ದಾರೆ. "ನೀರಲ್ಲಿ ಏನೂ ಇಲ್ಲಮ್ಮ, ಅದು ಬರೀ ಗುರುತು. ಎಲ್ಲ ಅವಳ ನಂಬಿಕೇಲಿದೆ. ಆದರೆ ಆ ನಂಬಿಕೆ ಅವಳದೇ ಆಗಿರಬೇಕು" ಎಂದು ಅವರೂ ಮೆತ್ತಗೇ ಹೇಳಿದ್ದಾರೆ. ಇಬ್ಬರೂ ಒಳ್ಳೆಯವರು, ಅದೇ ಕಷ್ಟ ಎನ್ನುತ್ತಾರೆ ಅಕ್ಕ. ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಹೋಗ್ತೀರಾ?" ಎಂದೆ.

"ನೋಡೋಣ" ಎಂದು ಅಕ್ಕ ನೀಲಿ ದಾರದ ಗುಡ್ಡೆಯಿಂದ ಒಂದು ಅಂಗಿ ಎಳೆದುಕೊಂಡು, ಅಂಚು ಬಿಚ್ಚಿ, ಇನ್ನೂ ಎರಡು ಸೀಸದ ಗುಂಡು ಇಟ್ಟು ಹೊಲಿಯತೊಡಗಿದರು. ಯಾಕೆ ಎಂದು ಕೇಳಿದ್ದಕ್ಕೆ, "ಪುಟ್ಟಿ ಹಗುರ. ತೇಲಿಬಿಡ್ತಾಳೆ" ಎಂದರು.

ಭಾನುವಾರ ಬೆಳಗಿನ ಮೊದಲ ಪೂಜೆಯಲ್ಲಿ ಅಕ್ಕನ ಪಕ್ಕ ಕೂತಿದ್ದೇನೆ. ಗುರುಗಳು ಪೀಠದ ಮೇಲೆ ಚೌಕದ ಬಟ್ಟೆ ಬಿಡಿಸುವಾಗ ಅಕ್ಕನ ಕಣ್ಣು ಮಡಿಕೆಗಳ ಮೇಲೆಯೇ ಇದೆ. ಗೆರೆ ನೇರವಾಗಿ ಬಿಚ್ಚಿಕೊಂಡಾಗ ಉಸಿರು ಬಿಡುತ್ತಾರೆ. ಅಷ್ಟು ಜನರಲ್ಲಿ ಆ ಗೆರೆಯನ್ನು ನೋಡುವವರು ಇವರೊಬ್ಬರೇ ಇರಬೇಕು. ಪರಮಪ್ರಸಾದ ಸ್ವೀಕರಿಸಿ ಬಂದು ಬಹಳ ಹೊತ್ತು ಮುಖ ಮುಚ್ಚಿ ಕೂರುತ್ತಾರೆ. ಪೂಜೆ ಮುಗಿದ ಮೇಲೆ ಚೀಲ ಎತ್ತಿಕೊಂಡು ಹೊರಡುತ್ತಾರೆ. ಮನೆಯ ಬಾಗಿಲು ಬಂತು. ಅಕ್ಕ ನಿಲ್ಲಲಿಲ್ಲ. ಚೀಲದ ಬಾಯಿಂದ ಟವೆಲ್ಲಿನ ಅಂಚು ಇಣುಕುತ್ತಿರುವುದನ್ನು ಆಗ ಗಮನಿಸುತ್ತೇನೆ.

ಸಭೆಯ ಹಾಲಿನಲ್ಲಿ ವೇದಿಕೆಯ ಹಲಗೆಗಳನ್ನು ಸರಿಸಿದ್ದಾರೆ. ಕೆಳಗೆ ಸೊಂಟಮಟ್ಟದ ನೀರಿನ ತೊಟ್ಟಿ. ಹಾಡು, ಚಪ್ಪಾಳೆ ಜೋರಾಗಿದೆ. ಅಕ್ಕ ಕೈ ಎಲ್ಲಿಡಬೇಕೆಂದು ತಿಳಿಯದೆ ಟವೆಲ್ಲನ್ನು ಮೂರಾಗಿ, ಮತ್ತೆ ಮೂರಾಗಿ ಮಡಿಸುತ್ತಾರೆ. ಆರು ಜನರ ಸಾಲಿನಲ್ಲಿ ಪುಟ್ಟಿ ಕೊನೆಯವರು. ಮೆಟ್ಟಿಲ ಬಳಿ ಅಕ್ಕನನ್ನು ಕಂಡವರೇ ತುಟಿ ಕಚ್ಚಿಕೊಂಡು ನೀರಿಗಿಳಿಯುತ್ತಾರೆ.

"ನಂಬುತ್ತೀಯಾ?" ಎಂದು ಪಾಸ್ಟರು ಕೇಳುತ್ತಾರೆ.

"ನಂಬುತ್ತೇನೆ" ಎನ್ನುತ್ತಾರೆ ಪುಟ್ಟಿ. ಇಡೀ ಹಾಲಿಗೆ ಕೇಳುವ ಹಾಗೆ. ಇತ್ತ ಟವೆಲ್ ಹಿಡಿದು ನಿಂತ ಅಕ್ಕನ ತುಟಿಯೂ ಅದೇ ಮಾತಿಗೆ ಅಲುಗುತ್ತದೆ.

ಪುಟ್ಟಿ ಮುಳುಗಿ ಏಳುತ್ತಾರೆ. ಮೆಟ್ಟಿಲು ಹತ್ತಿ ಬಂದವರ ಭುಜಕ್ಕೆ ಟವೆಲ್ ಹೊದಿಸುವುದು ರೂಢಿ. ಅಕ್ಕ ಮಾತ್ರ ಮೊದಲು ತಲೆ ಒರೆಸುತ್ತಾರೆ, ಆಮೇಲೆ ಕಿವಿ, ಕಿವಿಯ ಹಿಂದೆ, ಕುತ್ತಿಗೆ, ಕೂಸಿಗೆ ಒರೆಸಿದ ಹಾಗೆಯೇ. ನಲವತ್ತು ದಾಟಿದ ಪುಟ್ಟಿ ಕಣ್ಣು ಮುಚ್ಚಿ ಒರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ಒದ್ದೆಯಾಗಿದೆ, ಮುಚ್ಚಿಡುವುದೇನು. ಅಕ್ಕ ಹೇಳಿದ್ದು ಒಂದೇ ಮಾತು: "ತೇಲಲಿಲ್ಲ ನೋಡು."

ಮಧ್ಯಾಹ್ನದ ಹೊತ್ತಿಗೆ ಆರೂ ಅಂಗಿಗಳು ಹಿತ್ತಿಲಿಗೆ ಬಂದಿವೆ. ಅಕ್ಕ ಐದನ್ನು ನಲ್ಲಿಯ ಕೆಳಗೆ ಹಿಂಡುತ್ತಾರೆ. ನೀರು ಸರಸರನೆ ಮೋರಿಗೆ ಹರಿಯುತ್ತದೆ. ಆರನೆಯದನ್ನು ಬೇರೆ ಇಟ್ಟಿದ್ದಾರೆ. ದೊಡ್ಡ ಬೋಗುಣಿ ತಂದು ಆ ಅಂಗಿಯನ್ನು ಅದರೊಳಗೇ ಹಿಂಡಿ, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೋರಿ ದಾಟುತ್ತಾರೆ.

"ಅಕ್ಕ, ಅದು ಬರೀ ನೀರು" ಎಂದು ಅಡುಗೆಮನೆ ಬಾಗಿಲಿಂದ ಪುಟ್ಟಿ ಹೇಳುತ್ತಾರೆ. "ಅಲ್ಲೇ ಚೆಲ್ಲು, ಕಾಲು ನೋಯುತ್ತೆ. ನಮ್ಮ ಪಾಸ್ಟರೇ ಹೇಳಿಲ್ವಾ, ನೀರಲ್ಲಿ ಏನೂ ಇಲ್ಲ ಅಂತ?"

"ನಿಮ್ಮ ಪಾಸ್ಟರಿಗೆ ಬರೀ ನೀರು" ಎನ್ನುತ್ತಾರೆ ಅಕ್ಕ, ನಡೆಯುತ್ತಲೇ. "ಅವರೇನು ನಿನ್ನನ್ನ ಎತ್ತಿಕೊಂಡಿದ್ರಾ?"

ಪುಟ್ಟಿ ಬಾಗಿಲಲ್ಲಿ ನಿಂತೇ ಇದ್ದಾರೆ. ಆಮೇಲೆ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಬಂದು, ಬೋಗುಣಿಯ ಇನ್ನೊಂದು ಅಂಚು ಹಿಡಿಯುತ್ತಾರೆ. ಇಬ್ಬರೂ ನಿಂಬೆ ಗಿಡದ ಹತ್ತಿರ ಬಗ್ಗುತ್ತಾರೆ.

"ನಿಧಾನ" ಎನ್ನುತ್ತಾರೆ ಅಕ್ಕ. "ಬುಡಕ್ಕೆ ಹಾಕು."