ಮಾದಮ್ಮನ ಮಂಡಿಗೆ ನಾನು ಬರೆದ ಎರಡು

ಬೆಳಿಗ್ಗೆ ಐದಕ್ಕೆ ಎದ್ದು ರಾಗಿ ಹಿಟ್ಟು ಜರಡಿ ಹಿಡಿದೆ. ಗ್ಯಾಸ್ ಬುಕ್ ಮಾಡಿದೆ. ಯಜಮಾನರ ಶರ್ಟಿಗೆ ಗುಂಡಿ ಹಾಕಿದೆ. ಏಳೂವರೆ ಬಸ್ಸಿಗೆ ಯಳಂದೂರು ಬಿಟ್ಟು, ಕೊಳ್ಳೇಗಾಲ, ಹನೂರು ದಾಟಿ ರಾಮಾಪುರ. ಮಾದಮ್ಮನ ಮಂಡಿ ನೋಡಿದೆ, ನೋವು ಎರಡು ಎಂದು ಬರೆದೆ. ಮಾದಮ್ಮ ಕೂತಲ್ಲಿಂದ ಏಳಲಿಲ್ಲ, ಸೊಸೆ ಕಾಫಿ ತಂದುಕೊಟ್ಟಳು. ಬರುವಾಗ ಕಾಮಗೆರೆಯಲ್ಲಿ ಇಳಿದು ಟೊಮೇಟೊ ತಂದೆ.

ಇದು ನನ್ನ ದಿನಚರಿಯ ಒಂದು ಪುಟ, ಮೂರು ವರ್ಷದ ಹಿಂದಿನದು. ಆಗ ನಾನು ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮದುವೆಯಾದಾಗಿನಿಂದ ಬರೆಯುತ್ತಾ ಬಂದ ಪುಸ್ತಕಗಳಲ್ಲಿ ಈ ಒಂದು ಪುಟವನ್ನು ತೆರೆದಾಗ ಮಾತ್ರ ಮುಖ ಬಿಸಿಯಾಗುತ್ತದೆ.

ಆ ವರ್ಷ ನಮ್ಮ ಆಸ್ಪತ್ರೆಗೆ ಒಂದು ಸಂಶೋಧನೆ ಬಂತು. ಮಂಡಿಯ ಮೂಳೆಗಳ ತುದಿಗೆ ನುಣುಪಾದ ಹೊದಿಕೆಯೊಂದು ಇರುತ್ತದೆ, ಕಾರ್ಟಿಲೇಜ್. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಸಂಧಿವಾತದಿಂದ ಒಮ್ಮೆ ಸವೆದರೆ ತಾನಾಗಿ ತುಂಬಿಕೊಳ್ಳುವುದು ಕಷ್ಟ. ದಾನಿಗಳ ಮೂಳೆಮಜ್ಜೆಯಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದ ಸ್ಟೆಮ್ ಸೆಲ್, ಅಂದರೆ ಆಕರ ಕೋಶಗಳನ್ನು ಮಂಡಿಯೊಳಗೆ ಚುಚ್ಚಿದರೆ ನೋವು ಇಳಿದು ಹೊದಿಕೆ ಚೇತರಿಸಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಜನರಿಗೆ ಕೋಶ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇದನ್ನು ಎಲ್ಲರಿಗೂ ಮೊದಲೇ ಬಿಡಿಸಿ ಹೇಳಿದ್ದೆವು.

ನನ್ನ ಕೆಲಸ ತಿಂಗಳಿಗೊಮ್ಮೆ ಮನೆಗೆ ಹೋಗಿ ನೋವನ್ನು ಅಂಕಿಯಲ್ಲಿ ಬರೆದುಕೊಳ್ಳುವುದು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದು. ಆಮೇಲೆ ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. ಮೂರನೇ ತಿಂಗಳಲ್ಲೂ ಅಂಕಿ ಆರು ಅಥವಾ ಅದಕ್ಕಿಂತ ಮೇಲಿದ್ದರೆ ಅವರನ್ನು ಸಂಶೋಧನೆಯಿಂದ ಬಿಡಿಸಿ, ಬೇರೆ ಚಿಕಿತ್ಸೆಗೆ ಮೈಸೂರಿಗೆ ಕಳಿಸುವ ವ್ಯವಸ್ಥೆಯಿತ್ತು.

ಮಾದಮ್ಮ ರಾಮಾಪುರದ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ವಯಸ್ಸು ಐವತ್ತಾರು. ಸಂಶೋಧನೆಗೆ ಸೇರುವ ದಿನವೇ ನನ್ನ ಹತ್ತಿರ ಹೇಳಿದ್ದರು: "ನಂಗೆ ಓಡ್ಬೇಕು ಅಂತ ಆಸೆ ಇಲ್ಲ ಕಣವ್ವ. ಅನ್ನದ ಪಾತ್ರೆ ಇಳ್ಸಿ ಬಗ್ಸೋ ಅಷ್ಟಾದ್ರೆ ಸಾಕು. ಇಲ್ದಿದ್ರೆ ಬೇರೆಯವ್ರ ಇಟ್ಕತೀವಿ ಅಂತ ಕೂತವ್ರೆ." ಮಂಡಿ ಸರಿಯಾಗದಿದ್ದರೆ ಸೌಟು ಕೈತಪ್ಪುತ್ತದೆ, ವಿಷಯ ಇಷ್ಟೇ.

ಮೊದಲ ತಿಂಗಳು ಅವರು ಮೂರು ಎಂದರು. ಎರಡನೇ ತಿಂಗಳು ಎರಡು, ಮೂರನೇ ತಿಂಗಳೂ ಎರಡು. ನಾನು ಕೇಳುತ್ತಿದ್ದ ರೀತಿಯನ್ನೂ ಹೇಳಬೇಕು. ಚಾಪೆ ಮೇಲೆ ಕೂತು, ಕಾಫಿ ಲೋಟ ಹಿಡಿದು, "ಈಗ ವಾಸಿ ಅಲ್ವಾ ಮಾದಮ್ಮಾರೇ?" ಎನ್ನುತ್ತಿದ್ದೆ. ಹಾಗೆ ಕೇಳಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವರ ಮನೆಯಲ್ಲಿ ಕುರ್ಚಿ ಇರಲಿಲ್ಲ. ಪಕ್ಕದ ಮನೆಯಿಂದ ತರಿಸಬಹುದಿತ್ತು. ತರಿಸದೆ, ಫಾರಮ್ಮಿನಲ್ಲಿ ಕುರ್ಚಿ ಇಲ್ಲ ಎಂಬ ಕಡೆ ಮೂರು ಸಲವೂ ಗುರುತು ಹಾಕಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ನಾಲ್ಕನೇ ತಿಂಗಳು ಹನೂರಿನಲ್ಲಿ ಪರಿಚಯದ ಜೀಪೊಂದು ಸಿಕ್ಕಿ ಒಂದು ಗಂಟೆ ಮುಂಚೆ ತಲುಪಿದೆ. ಮನೆಗೆ ಬೀಗ. ನಾನು ಬರುವ ಹೊತ್ತಿಗಷ್ಟೇ ಅವರು ಶಾಲೆಯಿಂದ ಮನೆಗೆ ಬಂದು ಕೂರುತ್ತಿದ್ದದ್ದು. ಶಾಲೆಯ ಅಡುಗೆಕೋಣೆಗೆ ಹೋದೆ. ಮಾದಮ್ಮ ಬೋರಲು ಹಾಕಿದ ತರಕಾರಿ ಕ್ರೇಟಿನ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದರು. ಅನ್ನದ ಪಾತ್ರೆಯನ್ನು ಅತ್ತೆಯ ಬದಲು ಸೊಸೆ ಶಿವಮ್ಮ ಒಬ್ಬಳೇ ಇಳಿಸುತ್ತಿದ್ದಳು. ನನ್ನನ್ನು ಕಂಡು ಮಾದಮ್ಮ ಏಳಲು ಹೋದರು. ಕಿಟಕಿಯ ಸರಳು ಹಿಡಿದು ಒಂದು ಸಲ, ಎರಡು ಸಲ ಎಳೆದುಕೊಂಡರು. ಆಮೇಲೆ ನಗುತ್ತಾ ಕೂತುಬಿಟ್ಟರು.

"ನೋವು ಎಷ್ಟು?" ಎಂದೆ.

"ಬರ್ಕಳಿ, ಎರಡು."

ಶಿವಮ್ಮ ಪಾತ್ರೆ ಇಳಿಸಿ ಸೆರಗಲ್ಲಿ ಕೈ ಒರೆಸಿಕೊಂಡಳು. "ಎರಡಂತೆ. ನಮ್ಮತ್ತೆ ಬೆಳಿಗ್ಗೆ ಆಸಿಗೆಯಿಂದ ಏಳ್ಬೇಕಾದ್ರೆ ನಾನೂ ನಮ್ಮೆಜಮಾನ್ರೂ ಇಬ್ರೂ ಬೇಕು. ಅದ್ನ ಬರ್ಕಳಿ ಮೇಡಮ್ಮ."

"ಸುಮ್ನಿರೇ," ಎಂದರು ಮಾದಮ್ಮ. ನನ್ನ ಕಡೆ ತಿರುಗಿ, "ಅಷ್ಟು ದೂರದಿಂದ ಮೂರು ಬಸ್ ಅತ್ತಿ ಬತ್ತೀರಿ. ಮನೆಗೆ ಬಂದವ್ರ ಮುಂದೆ ನಿಮ್ಮ ಔಸ್ದಿ ಆಗ್ನಿಲ್ಲ ಅಂತ ಎಂಗವ್ವಾ ಅನ್ನದು? ನೀವೇ ವಾಸಿ ಅಲ್ವಾ ಅಂದ್ರಿ. ಊಂ ಅಂದೆ."

ಕುರ್ಚಿ ತರಿಸಿದೆ. ಅರ್ಧ ನಿಮಿಷದಲ್ಲಿ ಒಂದು ಸಲವೂ ಏಳಲಾಗಲಿಲ್ಲ. ಸರಿಯಾಗಿ ಕೇಳಿದಾಗ ಎಂಟು ಎಂದರು.

ಮನೆಗೆ ಬಂದು ದಿನಚರಿ ತೆಗೆದೆ. ಮೊದಲ ತಿಂಗಳ ಪುಟದಲ್ಲಿ, ಮಾದಮ್ಮ ಗೋಡೆ ಹಿಡಿದು ಬಂದರು ಎಂದಿದೆ. ಎರಡನೆಯದರಲ್ಲಿ, ಬಟ್ಟೆ ಒಗೆಯುವ ಕಲ್ಲನ್ನು ಎತ್ತರಿಸಿದ್ದಾರೆ ಎಂದಿದೆ. ಮೂರನೆಯದು ಮೇಲೆ ಕೊಟ್ಟದ್ದೇ. ನನ್ನ ಕಣ್ಣು ಎಲ್ಲವನ್ನೂ ನೋಡಿತ್ತು, ನನ್ನ ಕೈಯೇ ಬರೆದಿತ್ತು. ಅದೇ ಕೈ ಸಂಶೋಧನೆಯ ಫಾರಮ್ಮಿನಲ್ಲಿ ಎರಡು ಎಂದೂ ಬರೆದಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗೆ ಉಳಿದಿರಲಿಲ್ಲ.

ಮರುದಿನ ಸಂಶೋಧನೆಯ ಡಾಕ್ಟರ ಮುಂದೆ ದಿನಚರಿ ಇಟ್ಟೆ. ಅವರು ಮೂರೂ ಪುಟ ಓದಿ ಕನ್ನಡಕ ತೆಗೆದರು. "ಅವರು ಮರ್ಯಾದೆಗೆ ಹೇಳಿದ್ದು. ನೀವು ಯಾಕೆ ನಂಬಿದ್ರಿ?"

"ವಾಸಿಯಾಗಲಿ ಅಂತ ನನಗೂ ಇತ್ತು ಸರ್," ಎಂದೆ. ಅದು ನಿಜ. ಆದರೆ ಅದು ಉತ್ತರವಲ್ಲ.

ನನ್ನ ಕೈಯಲ್ಲೇ ತಪ್ಪೊಪ್ಪಿಗೆ ಬರೆಸಿಕೊಂಡು ಮೇಲಿನವರಿಗೆ ಕಳಿಸಿದರು. ನಾನು ಹೋಗುತ್ತಿದ್ದ ಉಳಿದ ಮನೆಗಳಿಗೆ ಬೇರೆಯವರು ಹೋಗಿ ಮತ್ತೆ ಕೇಳಿದರು. ಮಾದಮ್ಮನನ್ನು ಮೈಸೂರಿಗೆ ಕಳಿಸಿದರು. ಆದರೆ ಅಷ್ಟರಲ್ಲಿ ತಡವಾಗಿತ್ತು. ಅಲ್ಲಿ ಸರದಿ ಬಂದು ಮಂಡಿ ಬದಲಿಸುವ ಹೊತ್ತಿಗೆ ಶಾಲೆಯವರು ಬೇರೆ ಅಡುಗೆಯವರನ್ನು ಇಟ್ಟುಕೊಂಡಿದ್ದರು. ಅವರ ಮಂಡಿಗೆ ಹೋಗಿದ್ದು ಕೋಶವೋ ಉಪ್ಪುನೀರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಯಾರ ಮನೆಗೆ ಹೋದರೂ ಮೊದಲು ಕುರ್ಚಿ ಕೇಳುತ್ತೇನೆ. ಎದ್ದು ತೋರಿಸಿ ಎನ್ನುತ್ತೇನೆ. ಕಾಫಿ ಆಮೇಲೆ. ಒಳ್ಳೆಯ ಸುದ್ದಿ ಕೇಳುವ ಆಸೆ ನನ್ನಲ್ಲಿದ್ದರೆ ಎದುರಿನವರು ಅದನ್ನು ಕೊಟ್ಟೇ ಕಳಿಸುತ್ತಾರೆ, ತಮ್ಮ ಮೈ ಸವೆಸಿಕೊಂಡಾದರೂ.

ಆಪರೇಷನ್ ಆದ ಮೇಲೆ ಒಂದು ಭಾನುವಾರ ಕ್ಷಮೆ ಕೇಳಲು ಹೋದೆ. ಹೇಳಬೇಕಾದ್ದನ್ನು ಪೂರ್ತಿ ಹೇಳಿದೆ. ಮಾದಮ್ಮ ಕೇಳಿಸಿಕೊಂಡರು, ಪರವಾಗಿಲ್ಲ ಎನ್ನಲಿಲ್ಲ. "ಶಾಲೆ ಮಕ್ಳು ಸಾರು ಚೆನ್ನಾಗಿಲ್ಲ ಅಂತಾವಂತೆ," ಎಂದರು. ಆಮೇಲೆ ವಾಕರ್ ಹಿಡಿದು ತಾವೇ ಎದ್ದು ಬಡಿಸಿದರು. ಮುದ್ದೆ, ಹುರುಳಿಕಾಳಿನ ಸಾರು, ಈರುಳ್ಳಿ. ತಟ್ಟೆ ತೊಳೆಯಲು ಶಿವಮ್ಮ ನನ್ನನ್ನು ಬಿಡಲಿಲ್ಲ. ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಾಪೆಯಲ್ಲಿ ಒರಗಿದೆವು. ಮಾದಮ್ಮ ಮೊದಲು ನಿದ್ದೆ ಹೋದರು, ಕಾಲು ನೀಡಿಕೊಂಡು. ನನಗೆ ಬರಲಿಲ್ಲ.