ಜಗಲಿಯ ಮೇಲಿನ ಬಸ್ಸು

ನಮ್ಮೂರು ಬೇಗೂರಿನ ಹೆದ್ದಾರಿಯಲ್ಲಿ ಚೆಂಡು ಹೂವಿನ ಮೂಟೆ ಹೇರಿಕೊಂಡ ಲಾರಿ ಹಾದುಹೋದರೆ ಆ ಹಸಿ ಘಾಟು ಮೂಗಿಗೆ ಬಡಿದು, ಈಗ ಇಲ್ಲದ ನಮ್ಮ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ. ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಆ ಜಗಲಿಯ ಮೇಲೆ ನನ್ನ ಸೋದರತ್ತೆ ಮಾದೇವಮ್ಮ ಪುಟ್ಟ ಮಕ್ಕಳ ಶಾಲೆ ನಡೆಸುತ್ತಿದ್ದರು. ಪುಣಜನೂರಿನ ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದಿದ್ದ ಅತ್ತೆ, ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನೆಲ್ಲ ಬೆಳಿಗ್ಗೆಯೇ ಕೂಡಿಸಿಕೊಳ್ಳುತ್ತಿದ್ದರು. ಅಲ್ಲಿ ಸ್ಲೇಟು ಇರಲಿಲ್ಲ. ಮೂಟೆಯಿಂದ ಉದುರಿದ ಚೆಂಡು ಹೂಗಳನ್ನು ಆಯ್ದು ತಂದು ದೊಡ್ಡದು, ಸಣ್ಣದು ಎಂದು ಬೇರೆ ಮಾಡುತ್ತಿದ್ದೆವು. ತೆಂಗಿನ ಕರಟದಲ್ಲಿ ಮಣ್ಣು ಅಳೆದು ಅಂಗಡಿ ಇಡುತ್ತಿದ್ದೆವು. ಜಗಳವಾದರೆ ಅತ್ತೆ ಬಿಡಿಸುತ್ತಿರಲಿಲ್ಲ. "ನೀವೇ ಪಾಲು ಮಾಡ್ಕಳಿ, ನಾ ನೋಡ್ತೀನಿ" ಎಂದು ಕೂರುತ್ತಿದ್ದರು.

ಎದುರು ಮನೆಯ ಚಿಕ್ಕತಾಯಿ ಯಾರ ಹತ್ತಿರವೂ ಮಾತಾಡದ ಹುಡುಗಿ. ಅವಳು ಮೂಗಿ ಎಂದೇ ಊರು ತಿಳಿದಿತ್ತು. ಒಂದು ದಿನ ನಾವು ಒಬ್ಬರ ಹಿಂದೊಬ್ಬರು ಕೂತು ಬಸ್ಸಾಟ ಆಡುವಾಗ ಅತ್ತೆ ಅವಳ ಹೆಗಲಿಗೆ ಚೀಲ ಹಾಕಿ ಕಂಡಕ್ಟರ್ ಮಾಡಿದರು. ಬಹಳ ಹೊತ್ತು ಸುಮ್ಮನೆ ನಿಂತಿದ್ದವಳು, ಬಸ್ಸು ಹೊರಡುವುದೇ ಇಲ್ಲವೆಂದು ನಾವು ಗೊಣಗಿದಾಗ, "ಊಟಿ, ಊಟಿ, ಒಳೀಕ್ ಓಗಿ" ಎಂದಳು. ಆಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಗುಂಡ್ಲುಪೇಟೆಯ ಕಾನ್ವೆಂಟಿನ ವ್ಯಾನು ನಮ್ಮ ಬೀದಿಗೆ ಬರತೊಡಗಿದ್ದು ಆಗಲೇ. ಮೊದಲು ಹತ್ತಿಸಿದ್ದು ನನ್ನನ್ನು, ಹತ್ತಿಸಿದವನು ನನ್ನಪ್ಪ. "ಮಣ್ಣಲ್ಲಿ ಆಡಕ್ಕೆ ಇಸ್ಕೂಲ್ ಯಾಕ ಕಣಮ್ಮಿ? ಎಬಿಸಿಡಿ ಕಲೀಲಿ ಬುಡು" ಎಂದು ತಂಗಿಗೆ ಎಲ್ಲರೆದುರು ಹೇಳಿದ. ಸ್ವಂತ ಅಣ್ಣನೇ ಮಗಳನ್ನು ಬಿಡಿಸಿದ ಮೇಲೆ ಉಳಿದವರು ಯಾಕೆ ಕಳಿಸುತ್ತಾರೆ? ಚಿಕ್ಕತಾಯಿಯ ಅವ್ವನೂ ಅವಳನ್ನು ವ್ಯಾನು ಹತ್ತಿಸಿದಳು. ಜಗಲಿ ಖಾಲಿಯಾಯಿತು. ಕಾನ್ವೆಂಟಿನಲ್ಲಿ ನಾವು, ಇನ್ನೂ ಹಾಲುಹಲ್ಲು ಬೀಳದ ಮಕ್ಕಳು, ಬಾಯಿ ಮೇಲೆ ಬೆರಳಿಟ್ಟು ಕೂರಬೇಕಿತ್ತು. ಕನ್ನಡದಲ್ಲಿ ನೀರು ಕೇಳಿದ್ದಕ್ಕೆ ಮಿಸ್ಸು ಚಿಕ್ಕತಾಯಿಯ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದರು. ಆ ಸದ್ದು ನಾನು ಮರೆತಿಲ್ಲ. ಅವಳು ಮತ್ತೆ ಮೂಗಿಯಾದಳು. ಕೊನೆಗೆ ಶಾಲೆ ಬಿಟ್ಟು ಅವ್ವನ ಜೊತೆ ಹೂ ಬಿಡಿಸಲು ಹೋದಳು. ದಡ್ಡಿ ಎಂದು ಅವಳನ್ನೇ ಬೈದರು. ಹೊಡೆದವರನ್ನು ಯಾರೂ ಏನೂ ಅನ್ನಲಿಲ್ಲ.

ಅತ್ತೆ ತೀರಿಕೊಂಡರು. ರಸ್ತೆ ಅಗಲವಾದಾಗ ಜಗಲಿಯೂ ಹೋಯಿತು. ಈಗ ಚಾಮರಾಜನಗರದಲ್ಲಿ ನನ್ನ ಮಗಳು ಹೋಗುವ ಶಾಲೆಯಲ್ಲಿ ಮರಳಿನ ತೊಟ್ಟಿ ಇದೆ, ಆಟದ ಅಂಗಡಿ ಇದೆ. ಅವಳು ಖುಷಿಯಾಗಿದ್ದಾಳೆ, ಆ ಶಾಲೆಯ ಮೇಲೆ ನನಗೆ ಸಿಟ್ಟಿಲ್ಲ. ಮೊನ್ನೆ ಮನೆಗೆ ಬಂದಿದ್ದ ಅಪ್ಪ ಮೊಮ್ಮಗಳ ಪಕ್ಕ ಊಟಕ್ಕೆ ಕೂತು, "ಈಗ ಆಟ ಆಡುಸ್ತಾನೇ ಪಾಠ ಕಲುಸ್ತಾರಂತೆ ಕಣವ್ವ. ನಮ್ ಕಾಲ್ದಲ್ಲಿ ಇಂಥದ್ದೆಲ್ಲಿತ್ತು?" ಎಂದ.

"ಮತ್ತೆ ಅತ್ತೆ ಜಗಲೀಲಿ ಏನ್ ಮಾಡ್ತಿದ್ರು?" ಎಂದೆ.

"ಅವ್ಳಾ? ಸುಮ್ನೆ ಮಕ್ಕಳ ಕೂರುಸ್ಕತಿದ್ಲು ಬುಡು."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ಅಷ್ಟೇ ನೆನಪಿತ್ತು; ನನ್ನ ಮೈ ಉರಿದದ್ದು ಅದಕ್ಕೇ. "ಅದ್ನ ಮುಚ್ಸಿದ್ದು ನೀನೇ ಕಣಪ್ಪ" ಎಂದೆ. ಮಗಳು ಬೆಚ್ಚಿ ನನ್ನ ಮುಖ ನೋಡಿದಳು. ಅಪ್ಪ ಅನ್ನಕ್ಕೆ ಮಜ್ಜಿಗೆ ಬಿಟ್ಟುಕೊಂಡ. ನಾನು ಎದ್ದು ಹೊರಗೆ ಬಂದೆ.

ನಾನು ಕಾನ್ವೆಂಟಿನ ವ್ಯಾನಿನಲ್ಲಿ ಮೊದಲ ದಿನ ಹೋಗಿ ಬಂದ ಸಂಜೆ ಅತ್ತೆ ಬೀದಿಯ ತುದಿಯಲ್ಲೇ ಕಾಯುತ್ತಿದ್ದರು. ನನ್ನ ಬ್ಯಾಗು ತೆಗೆದುಕೊಂಡು, "ಇವತ್ತೇನಾಟ ಆಡುದ್ರಮ್ಮಿ?" ಎಂದು ಕೇಳಿದರು. ಆಟ ಇರಲಿಲ್ಲ ಎಂದೆ. ಅವರು ನನ್ನ ಕೈ ಹಿಡಿದು ಮನೆಯವರೆಗೂ ನಡೆದರು. ಮತ್ತೆ ಯಾವತ್ತೂ ಅದನ್ನು ಕೇಳಲಿಲ್ಲ.